ಹೂಂ ಅನ್ನುವ ಜಾಗ

ನಲವತ್ತೊಂದು ಸಾಲುಗಳ ಮೇಲೆ ಪೆನ್ಸಿಲ್ ಗೆರೆ ಇತ್ತು. ಅಡಿಪಟ್ಟಿ ಇಟ್ಟು ಎಳೆದದ್ದು, ಅಕ್ಷರಗಳ ನಡುಮಧ್ಯೆ ನೇರ ಹಾಯ್ದದ್ದು. ಎಳೆದವಳು ನಾನೇ. ಗೆರೆಯಡಿಯ ಅಕ್ಷರ ಓದಲು ಬರಲಿ ಎಂದು ಪೆನ್ನು ಬಳಸಿರಲಿಲ್ಲ. ಆದರೆ ಅದನ್ನು ಮತ್ತೆ ಓದಬೇಕಾಗಿ ಬರುತ್ತದೆ ಎಂದುಕೊಂಡಿರಲೂ ಇಲ್ಲ.

ಆಗ ನಾನು ಗಂಗಾವತಿಯ ಒಂದು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಅತಿಥಿ ಉಪನ್ಯಾಸಕಿ. ಮನೆ ಕುಷ್ಟಗಿಯಲ್ಲಿ. ತಾವರಗೇರಾ, ಕನಕಗಿರಿ ದಾಟಿ ಹೋಗುವ ಬಸ್ಸಿನಲ್ಲಿ ದಿನವೂ ಓಡಾಡುತ್ತಿದ್ದೆ. ಪಠ್ಯಕ್ರಮ ಸಮಿತಿಯಲ್ಲಿದ್ದ ಹಿರಿಯ ಪ್ರಾಧ್ಯಾಪಕರೊಬ್ಬರು ನನಗೊಂದು ಕೆಲಸ ಕೊಟ್ಟಿದ್ದರು. ಆರುನೂರು ವರ್ಷದ ಹಿಂದಿನ ಒಂದು ಇಂಗ್ಲಿಷ್ ಕಥನಕಾವ್ಯವನ್ನು ಕನ್ನಡಕ್ಕೆ ತರಬೇಕು. ಮಕ್ಕಳು ಮೊದಲು ಕಥೆಯನ್ನು ಕನ್ನಡದಲ್ಲಿ ಕೇಳಿ, ಆಮೇಲೆ ಮೂಲದ ಆಯ್ದ ಭಾಗ ಓದಬೇಕು. ಪೀಠಿಕೆಯೂ ಸೇರಿ ಹನ್ನೆರಡು ಪುಟ ಮೀರಬಾರದು. ಮಕ್ಕಳ ಮುಂದೆ ಓದಿ ತೋರಿಸಬೇಕು, ಅವರು ಬಂದು ಕೂತು ನೋಡುತ್ತಾರೆ. ಸರಿಬಂದರೆ ಆ ಘಟಕ ಉಳಿಯುತ್ತದೆ. ಬರದಿದ್ದರೆ ಅದರ ಜಾಗದಲ್ಲಿ ಸಂದರ್ಶನ ಎದುರಿಸುವುದು ಹೇಗೆ ಎಂಬ ಪಾಠ ಬರುತ್ತದೆ.

“ಆರುನೂರು ವರ್ಷದ ಹಿಂದಿನ ಕಥಿ ಇವರಿಗ್ಯಾಕ ಅಂತ ಸಮಿತಿಯೊಳಗ ಕೇಳೇ ಕೇಳ್ತಾರ್ರಿ” ಎಂದಿದ್ದರು. “ನಾ ಏನು ಹೇಳಲಿ, ಅದನ್ನ ಪೀಠಿಕೆಯೊಳಗ ಬರೀರಿ.”

ಮೂರು ಪುಟದ ಪೀಠಿಕೆ ಬರೆದೆ. ಮಧ್ಯಕಾಲದ ಕಥನಕಾವ್ಯದ ಆಕರ್ಷಣೆ ಇಂದಿಗೂ ಏಕೆ ಮಾಸಿಲ್ಲ ಎಂಬುದಕ್ಕೆ ಐದು ಕಾರಣ ಕೊಟ್ಟಿದ್ದೆ. ಈಗ ಆ ಐದರಲ್ಲಿ ಎರಡು ಮಾತ್ರ ನೆನಪಿವೆ.

ಕಥೆ ದೊಡ್ಡದಲ್ಲ. ಒಬ್ಬ ದೊರೆ ಬೇಟೆಗೆ ಹೋದವನು ಹೊಳೆ ಬಂದು ಆಚೆ ದಡದಲ್ಲಿ ಸಿಕ್ಕಿಬೀಳುತ್ತಾನೆ. ಅಂಬಿಗನೊಬ್ಬ ದಾಟಿಸುತ್ತೇನೆ ಎನ್ನುತ್ತಾನೆ. ಅದಕ್ಕೆ ಬದಲಾಗಿ, ನಿನ್ನ ಮನೆ ಬಾಗಿಲಲ್ಲಿ ನಿನ್ನನ್ನು ಮೊದಲು ಎದುರುಗೊಳ್ಳುವುದು ಯಾವುದೋ ಅದನ್ನು ನನಗೆ ಕೊಡು ಎನ್ನುತ್ತಾನೆ. ಯಾವಾಗಲೂ ಮೊದಲು ಓಡಿ ಬರುವುದು ನಾಯಿ ಎಂದು ದೊರೆ ಮಾತು ಕೊಡುತ್ತಾನೆ. ಬಾಗಿಲು ತೆರೆದಾಗ ಮೊದಲು ಬರುವವಳು ಅವನ ಮಗಳು. ಏಳು ವರ್ಷ ದೊರೆ ನೆವ ಹೇಳುತ್ತಾನೆ. ಎಂಟನೆಯ ವರ್ಷ ಮಗಳು ತಾನೇ ನಡೆದು ಹೊಳೆದಂಡೆಗೆ ಹೋಗುತ್ತಾಳೆ. ಬರೆದವನು ಯಾರೆಂದು ತಿಳಿಯದು.

ಕಷ್ಟವಿದ್ದದ್ದು ಭಾಷೆಯಲ್ಲಿ. ನಕಲು ಮಾಡಿದವನು ಒಂದೇ ಶಬ್ದವನ್ನು ಒಂದೇ ಪುಟದಲ್ಲಿ ಮೂರು ರೀತಿ ಬರೆದಿದ್ದ. ಸಾಲಿಗೆ ನಾಲ್ಕು ಕಡೆ ಒತ್ತು ಬೀಳುತ್ತದೆ, ಅದರಲ್ಲಿ ಮೂರು ಕಡೆ ಒಂದೇ ಧ್ವನಿ ಮರುಕಳಿಸುತ್ತದೆ. ಪ್ರತಿ ಸಾಲನ್ನೂ ಒಂದು ಚೀಟಿಯ ಮೇಲೆ ಬರೆದುಕೊಂಡೆ: ಮೇಲೆ ಮೂಲ, ಕೆಳಗೆ ಶಬ್ದಶಬ್ದದ ಅರ್ಥ, ಅದರ ಕೆಳಗೆ ಖಾಲಿ ಜಾಗ. ಬಸ್ಸಿನಲ್ಲಿ ಕಿಟಕಿಯ ಸರಳಿಗೆ ಬೆರಳು ತಟ್ಟುತ್ತ ಒತ್ತು ಎಣಿಸುತ್ತಿದ್ದೆ. ‘ಹೊಳೆ ಹೊರಳಿತು, ಹೊತ್ತು ಕಂತಿತು’ ಎಂಬ ಒಂದು ಸಾಲು ಸಿಗಲು ಕುಷ್ಟಗಿಯಿಂದ ಕನಕಗಿರಿವರೆಗೆ ಹಿಡಿಯಿತು. ದೋಣಿ ಎಂದು ಬರೆದಿದ್ದನ್ನು ಹೊಡೆದು ಹರಗೋಲು ಎಂದು ಬರೆದೆ. ಇಲ್ಲಿನ ಮಕ್ಕಳು ಹೊಳೆ ದಾಟಿದ್ದು ಅದರಲ್ಲೇ.

ಆ ಕೆಲಸ ಕೈಬಿಟ್ಟು ಹೋಗಬಾರದು ಎಂದು ನನಗಿತ್ತು. ಕಾರಣ ಯಾರಿಗೂ ಹೇಳಿರಲಿಲ್ಲ. ಎಂಟು ತಿಂಗಳಿಂದ ನನಗೆ ಯಾವುದೂ ತಟ್ಟುತ್ತಿರಲಿಲ್ಲ. ಊಟ ಮಾಡುತ್ತಿದ್ದೆ, ಪಾಠ ಮಾಡುತ್ತಿದ್ದೆ, ಯಾರಾದರೂ ನಕ್ಕರೆ ನಗುತ್ತಿದ್ದೆ. ಚೀಟಿಯ ಖಾಲಿ ಜಾಗಕ್ಕೆ ಶಬ್ದ ಹುಡುಕುವಾಗ ಮಾತ್ರ ಹೊತ್ತು ಸರಿದದ್ದು ಗೊತ್ತಾಗುತ್ತಿತ್ತು.

ಎಂಟು ತಿಂಗಳ ಹಿಂದೆ ಅಪ್ಪನಿಗೆ ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು, ಮಾತು ಹೋದವು. ಉಳಿದದ್ದು ಒಂದೇ ಸದ್ದು: ಹೂಂ. ಕೊಪ್ಪಳದಲ್ಲಿ ಮಾತಿನ ಚಿಕಿತ್ಸೆ ಕೊಡುವವರು, ಹೌದು ಅಲ್ಲ ಎಂದು ಉತ್ತರ ಬರುವ ಹತ್ತು ಪ್ರಶ್ನೆ ದಿನವೂ ಕೇಳಿ ಬರೆದಿಡಿ ಎಂದಿದ್ದರು. ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ‘ಉಣ್ತೀಯೇನು?’ ಹೂಂ. ‘ಒಲ್ಲೆಯೇನು?’ ಹೂಂ. ‘ನಾ ನಿನ್ನ ಮಗಳು?’ ಹೂಂ. ‘ನಾ ನಿನ್ನ ತಮ್ಮ ಅದೀನೇನು?’ ಹೂಂ. ನಾಲ್ಕನೆಯ ವಾರ ಆ ಸದ್ದಿಗೆ ಅರ್ಥವಿಲ್ಲ ಎಂದು ತೀರ್ಮಾನಿಸಿ ನೋಟ್‌ಬುಕ್ ಮುಚ್ಚಿದೆ. ಆಮೇಲೆ ಅಪ್ಪನಿಗೆ ಅಗತ್ಯವಿದ್ದಷ್ಟು ಮಾತ್ರ ಹೇಳುತ್ತಿದ್ದೆ. ಮಾತ್ರೆ, ನೀರು, ಹೊರಳು.

ಕಾವ್ಯದಲ್ಲೂ ಅಂಥ ಸಾಲುಗಳಿದ್ದವು. ಕಥೆ ನಡೆಯುತ್ತಿರುವಾಗ ಕವಿ ನಡುವೆ ನಿಂತು, ‘ಕೂತವರು ಕೇಳಿರಿ, ಕಟ್ಟಿದ್ದಲ್ಲ ಈ ಮಾತು’ ಎನ್ನುತ್ತಾನೆ. ಇಲ್ಲವೆ, ‘ಕಂಡವರು ಹೇಳಿದ್ದು, ಕಾಣದವನು ನಾನು’ ಎನ್ನುತ್ತಾನೆ. ತುಸು ಮುಂದೆ ಮತ್ತೆ ಅದೇ. ಇವು ಪಾದಪೂರಣ, ಸಾಲು ತುಂಬಿಸಲು ಹಾಕಿದ ನಿರರ್ಥಕ ಮಾತು ಎಂದು ಓದುವಾಗ ಕಲಿತಿದ್ದೆ. ಹದಿಮೂರು ಪುಟ ಆಗಿದ್ದನ್ನು ಹನ್ನೆರಡಕ್ಕೆ ಇಳಿಸಬೇಕಿತ್ತು. ನಲವತ್ತೊಂದು ಸಾಲು ತೆಗೆದೆ. ಕಥೆಗೆ ಎಲ್ಲೂ ಧಕ್ಕೆಯಾಗಲಿಲ್ಲ. ಅಚ್ಚುಕಟ್ಟಾಗಿತ್ತು.

ಮೊದಲ ಶನಿವಾರ ತರಗತಿಯಲ್ಲಿ ಓದಿದೆ. ಪ್ರಾಧ್ಯಾಪಕರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮಕ್ಕಳು ಗದ್ದಲ ಮಾಡಲಿಲ್ಲ, ಆಕಳಿಸಲೂ ಇಲ್ಲ. ಗೋಡೆಗೆ ಓದಿದಂತಿತ್ತು. ಮುಗಿದ ಮೇಲೆ ಪ್ರಾಧ್ಯಾಪಕರು ಎರಡನೆಯ ಸಾಲಿನಲ್ಲಿದ್ದ ಸಿದ್ದಾಪುರದ ಹುಡುಗಿಯನ್ನು ಎಬ್ಬಿಸಿ, ಕಥೆ ಹೇಳು ಎಂದರು. ತರಗತಿಯಲ್ಲಿ ಹೆಚ್ಚು ಮಾತಾಡುವವಳು ಅವಳೇ.

“ಒಬ್ಬ ದೊರಿ ಇದ್ದನ್ರಿ ಸರ್. ಹೊಳಿ ದಾಟಿದ. ಆಮ್ಯಾಲೆ...” ಎಂದು ನಿಂತಳು. “ಆಮ್ಯಾಲೆ ಎಲ್ಲಾ ಒಮ್ಮಿಗೇ ಬಂದುಬಿಡ್ತ್ರಿ.”

“ಒಮ್ಮಿಗೇ ಅಂದ್ರ?”

“ಮೇಡಂ ಛಲೋನೇ ಓದಿದ್ರು ಸರ್. ಆದ್ರ ಉಸರು ಬಿಡಾಕ ಜಾಗ ಇರಲಿಲ್ರಿ. ಎಕ್ಸ್‌ಪ್ರೆಸ್ ಬಸ್ ಇದ್ದಂಗ, ನಮ್ಮ ಊರಾಗ ನಿಂದ್ರಲೇ ಇಲ್ಲ.”

ತರಗತಿ ನಕ್ಕಿತು. ಓದಿದಾಗಿನಿಂದ ಅಲ್ಲಿ ಕೇಳಿಬಂದ ಮೊದಲ ಸದ್ದು ಅದು.

ಹೊರಗೆ ಬಂದು ಪ್ರಾಧ್ಯಾಪಕರು, “ಬೇಜಾರ ಮಾಡ್ಕೋಬ್ಯಾಡ್ರಿ” ಎಂದರು. “ಮುಂದಿನ ಶನಿವಾರ ಇನ್ನೊಮ್ಮೆ ನೋಡೂಣು. ಆಗಲಿಲ್ಲಂದ್ರ ಬಿಟ್ಟುಬಿಡೂಣು. ಸೋಮವಾರ ಸಮಿತಿ ಕೂಡತೈತಿ.”

ಬೇಜಾರು ಆಗಿರಲಿಲ್ಲ. ಅದೂ ಆಗಿರಲಿಲ್ಲ.

ಆ ವಾರ ಮೂರು ದಾರಿ ನೋಡಿದೆ. ಭಾನುವಾರ ಕಠಿಣ ಶಬ್ದಗಳನ್ನು ತೆಗೆದು ಸರಳ ಶಬ್ದ ಹಾಕಿದೆ. ಧ್ವನಿ ಮರುಕಳಿಸುವುದು ತಪ್ಪಿತು, ಬೇರೇನೂ ಸಿಗಲಿಲ್ಲ. ಸೋಮವಾರ, ಮಂಗಳವಾರ ಪ್ರತಿ ಭಾಗಕ್ಕೂ ಟಿಪ್ಪಣಿ ಬರೆದೆ. ಟಿಪ್ಪಣಿ ಕಥೆಗಿಂತ ಉದ್ದವಾಯಿತು. ಬುಧವಾರ ಪೂರ್ತಿ ಗದ್ಯಕ್ಕೆ ಇಳಿಸಿ, ಅಕ್ಕಿ ಆರಿಸುತ್ತಿದ್ದ ಅವ್ವನ ಮುಂದೆ ಓದಿದೆ. ಅವ್ವ ಕೊನೆಯವರೆಗೂ ಕೇಳಿ, “ಮುಗೀತಾ?” ಎಂದಳು.

ಗುರುವಾರ ಸಂಜೆ ಟೇಲರ್ ಕಾಕಾ ಬಂದರು. ಪ್ರತಿ ಗುರುವಾರ ಅಂಗಡಿ ಮುಚ್ಚಿ, ಮಗ್ರಿಬ್ ನಮಾಜು ಮುಗಿಸಿ ಬರುತ್ತಿದ್ದರು. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ, ಕಾಕಾ ಅಂಗಿ ಹೊಲಿಯುವವರು. ಮೊಹರಂ ಬಂದರೆ ಇಬ್ಬರೂ ಒಂದೇ ಮೇಳ. ಕಾಕಾ ಕರ್ಬಲಾ ಕಥೆಯ ರಿವಾಯತ್ ಪದ ಹಾಡುವವರು. ಪದದ ನಡುವೆ ನಿಂತು ಕಥೆ ಬಿಡಿಸಿ ಹೇಳುವಾಗ ಪಕ್ಕದಲ್ಲಿ ನಿಂತು ಹೂಂ ಎನ್ನುವುದು ಅಪ್ಪನ ಕೆಲಸ. ಮೂವತ್ತು ವರ್ಷ ಅದೊಂದೇ ಕೆಲಸ. ಓಣಿಯಲ್ಲಿ ಅಪ್ಪನಿಗೆ ಹೂಂ ಮಾಸ್ತರ ಎಂದು ಹೆಸರಿತ್ತು. ನಾನು ಶಾಲೆಗೆ ಹೋಗುವಾಗ ಹುಡುಗಿಯರು ನನ್ನನ್ನೂ ‘ಹೂಂ’ ಎಂದು ಕರೆದು ಓಡುತ್ತಿದ್ದರು. ಹಾಡಲು ಬರದವನಿಗೆ ಕೊಟ್ಟ ಕೆಲಸ ಅದು ಎಂದುಕೊಂಡಿದ್ದೆ. ಯಾರನ್ನೂ ಕೇಳಿರಲಿಲ್ಲ.

ಕಾಕಾ ಮಂಚದ ಪಕ್ಕ ಕುರ್ಚಿ ಎಳೆದು ಕೂತರು. “ಏನಪಾ ದೋಸ್ತ, ಗಡ್ಡ ಬಿಟ್ಟೀದಿ. ನನಗ ಪೈಪೋಟಿ ಕೊಡ್ತೀ ಏನು?”

“ಹೂಂ” ಎಂದ ಅಪ್ಪ.

ಕಾಕಾ ನನ್ನ ಮೇಜಿನ ಕಡೆ ತಿರುಗಿದರು. “ಅದೇನು ಬೇಟಿ, ಇಷ್ಟು ಕಾಗದ ಹರವಿಕೊಂಡು ಕುಂತೀ?”

“ಒಂದು ಹಳೇ ಕಥಿರಿ ಕಾಕಾ. ಇಂಗ್ಲಿಷಿಂದು. ಕನ್ನಡ ಮಾಡಾಕತ್ತೀನಿ.”

“ಓದಲ್ಲ ಮತ್ತ. ನಾವೂ ಕೇಳೂಣು.”

ಒಲ್ಲೆ ಎನ್ನಲು ಕಾರಣ ಹೊಳೆಯಲಿಲ್ಲ. ಗೆರೆ ಎಳೆದಿದ್ದ ಮೊದಲ ಪ್ರತಿ ಕೈಗೆ ಬಂತು. ಗೆರೆಯಿದ್ದ ಸಾಲುಗಳನ್ನು ಬಿಟ್ಟು ಓದಿದೆ. ದೊರೆ ಕಾಡಿಗೆ ಹೋದ, ಮಳೆ ಬಂತು, ಹೊಳೆ ತುಂಬಿತು.

“ತಡಿಯವ್ವಾ ತಡಿ” ಎಂದರು ಕಾಕಾ. “ಎಲ್ಲಿ ಹೊಂಟೀದಿ? ನಿಮ್ಮಪ್ಪ ಬಾಯಿ ತಗದಿದ್ದ, ನೀ ಮುಂದ ಹೋದಿ.”

ನಾನು ಅಪ್ಪನನ್ನು ನೋಡಿರಲಿಲ್ಲ. ಈಗ ನೋಡಿದೆ. ಬಾಯಿ ಅರೆ ತೆರೆದಿತ್ತು.

“ಹೇಳಾಂವ ಒಂದು ಕಡೆ ನಿಂದರಬೇಕಲ್ಲ. ಆ ಇಂಗ್ಲಿಷಿನಾಂವ ನಿಂದರತಿರಲಿಲ್ಲೇನು?”

“ನಿಂದರತಿದ್ದರಿ. ಸುಮ್ಮನ ಒಂದೊಂದು ಸಾಲು ಹಾಕತಿದ್ದ. ಅದರಾಗ ಅರ್ಥ ಏನೂ ಇಲ್ಲಂತ ತಗದೀನಿ.”

“ಏನಿತ್ತು ಅದು?”

ಗೆರೆಯ ಕೆಳಗಿದ್ದುದನ್ನು ಓದಿದೆ. “ಕೂತವರು ಕೇಳಿರಿ, ಕಟ್ಟಿದ್ದಲ್ಲ ಈ ಮಾತು.”

“ಹೂಂ” ಎಂದ ಅಪ್ಪ.

ಕಾಕಾ ತೊಡೆ ತಟ್ಟಿದರು. “ಇದನ್ನ ತಗದೀಯೇನು? ಹುಚ್ಚವ್ವ. ಇದು ನಿನ್ನ ಸಾಲಲ್ಲ, ಅವನ ಸಾಲು” ಎಂದು ಅಪ್ಪನ ಕಡೆ ಕೈ ಮಾಡಿದರು. “ಅವಂಗ ಜಾಗ ಬಿಟ್ಟಾನ. ಅಷ್ಟು ದೂರದಾಂವ, ನಿಮ್ಮಪ್ಪಗ ಜಾಗ ಬಿಟ್ಟು ಬರದಾನ.”

ನಾನು ಒಂದೇ ಸಲಕ್ಕೆ ಯಾವುದನ್ನೂ ನಂಬುವವಳಲ್ಲ. ಮುಂದಿನ ಭಾಗವನ್ನು ಗೆರೆಯ ಸಾಲು ಸೇರಿಸಿ ಓದಿ ನಿಂತೆ. ಹೂಂ ಬಂತು. ಅದರ ಮುಂದಿನದನ್ನು ಬೇಕೆಂದೇ ಬಿಟ್ಟು ಓದಿದೆ. ಬರಲಿಲ್ಲ, ಅಪ್ಪ ನನ್ನ ಮುಖ ನೋಡಿದ. ಬಿಟ್ಟದ್ದನ್ನು ತಿರುಗಿ ಓದಿದೆ. ಬಂತು. ಆಮೇಲೆ ಒಂದು ವಾಕ್ಯದ ನಡುವೆ, ಅರ್ಧಕ್ಕೇ ನಿಂತೆ. ಬರಲಿಲ್ಲ. ಪೆನ್ಸಿಲ್ ತೆಗೆದುಕೊಂಡು, ಹೂಂ ಬಂದ ಸಾಲಿನ ಮುಂದೆಲ್ಲ ಒಂದೊಂದು ಚುಕ್ಕೆ ಇಡುತ್ತ ಹೋದೆ.

ದೊರೆ ಮನೆಗೆ ಬಂದ. ಬಾಗಿಲು ತೆರೆಯಿತು. ನಾಯಿ ಒಳಗೆಲ್ಲೋ ಬೊಗಳಿತು, ಬರಲಿಲ್ಲ. ಹೊಸ್ತಿಲ ಮೇಲೆ ಮೊದಲು ಕಂಡದ್ದು ಮಗಳ ಕಾಲು.

ಅಲ್ಲಿ ನಿಂತೆ. ಬೇಕಾಗಿ ನಿಂತದ್ದಲ್ಲ, ಪುಟ ತಿರುಗಿಸಬೇಕಿತ್ತು. ಅಪ್ಪ ಏನೂ ಅನ್ನಲಿಲ್ಲ. ಅವನಿಗೆ ಎಡಗೈ ಮಾತ್ರ ಆಡುತ್ತಿತ್ತು. ಅದು ಹೊದಿಕೆಯ ಅಂಚನ್ನು ಹಿಡಿದಿತ್ತು.

ಕಾಯ್ದೆ. ಕೊನೆಗೆ ಕಾಕಾರ ಕಡೆ ನೋಡಿದೆ.

“ಅಲ್ಲಿ ಹೂಂ ಅನ್ನಬಾರದವ್ವಾ” ಎಂದು ಅವರು ಮೆಲ್ಲಗೆ ಹೇಳಿದರು. “ಅಲ್ಲಿ ಅಂದ್ರ ಕಥಿ ಕೆಡತೈತಿ. ಎಲ್ಲಿ ಅನ್ನಬೇಕು ಅನ್ನೂದು ಯಾರಿಗರ ಬರತೈತಿ. ಎಲ್ಲಿ ಅನ್ನಬಾರದು ಅಂತ ಗೊತ್ತಿದ್ದಾಂವ ಇಡೀ ತಾಲೂಕಿನಾಗ ಇವನೊಬ್ಬನ.”

ಮೂಲ ಪುಸ್ತಕ ತೆಗೆದು ಆ ಭಾಗ ನೋಡಿದೆ. ಬೇರೆ ಕಡೆಯೆಲ್ಲ ಐದಾರು ಸಾಲಿಗೊಮ್ಮೆ, ಹೆಚ್ಚೆಂದರೆ ಹತ್ತಕ್ಕೊಮ್ಮೆ ಬರುವ ಪಾದಪೂರಣ ಅಲ್ಲಿರಲಿಲ್ಲ. ಬಾಗಿಲು ತೆರೆದಲ್ಲಿಂದ ದೊರೆ ಮಗಳನ್ನು ಎತ್ತಿಕೊಳ್ಳುವವರೆಗೆ ಹತ್ತೊಂಬತ್ತು ಸಾಲು, ಒಂದೂ ಇರಲಿಲ್ಲ. ಎರಡು ಸಲ ಎಣಿಸಿದೆ. ಕಾವ್ಯವನ್ನು ಅಷ್ಟು ಸಲ ಓದಿ, ಚೀಟಿ ಮಾಡಿ, ಒತ್ತು ಎಣಿಸಿದ ನನಗೆ ಆ ಹತ್ತೊಂಬತ್ತು ಸಾಲಿನ ಮೌನ ಕಂಡಿರಲಿಲ್ಲ. ಕಾಣುವುದೂ ಸಾಧ್ಯವಿರಲಿಲ್ಲ, ಆ ಸಾಲುಗಳನ್ನು ತೆಗೆದು ಎಲ್ಲ ಕಡೆಯೂ ಮೌನ ಮಾಡಿ ಕೂತಿದ್ದೆ.

ಕೊನೆಯವರೆಗೂ ಓದಿದೆ. ನಲವತ್ತೊಂದು ಚುಕ್ಕೆಗಳಾದವು. ಹೋಗುವಾಗ ಕಾಕಾ ಚಪ್ಪಲಿ ಮೆಟ್ಟುತ್ತ, “ಆ ಹುಡುಗಿ ದಾಟಿದಳೇನು?” ಎಂದರು. ಅವರು ಕೇಳಿದ್ದರು, ಆದರೂ ಇನ್ನೊಮ್ಮೆ ಕೇಳಬೇಕಿತ್ತು. ದಾಟಿದಳು, ಹುಟ್ಟು ತಾನೇ ಹಾಕಿದಳು ಎಂದೆ.

ಶುಕ್ರವಾರ ಕಾಲೇಜಿನ ಕಂಪ್ಯೂಟರಿನಲ್ಲಿ ಕೂತು ನಿರ್ಧರಿಸಿದೆ. ನಲವತ್ತೊಂದು ಸಾಲು ಒಳಗೆ ಹಾಕಿದರೆ ಮತ್ತೆ ಹದಿಮೂರು ಪುಟ. ಏನಾದರೂ ಹೋಗಬೇಕು. ಪೀಠಿಕೆಯ ಮೂರು ಪುಟ ಆಯ್ಕೆ ಮಾಡಿ ಅಳಿಸಿದೆ. ಐದು ಕಾರಣಗಳೂ ಹೋದವು. ಪ್ರತಿ ಪಾದಪೂರಣದ ಸಾಲಿನ ಕೆಳಗೆ ಒಂದು ಸಾಲಿನಷ್ಟು ಖಾಲಿ ಬಿಟ್ಟೆ. ಗದ್ಯ, ಟಿಪ್ಪಣಿ, ಸರಳ ಶಬ್ದ ಎಲ್ಲವನ್ನೂ ಬೇರೆ ಕಡತಕ್ಕೆ ಸರಿಸಿದೆ. ಸಮಿತಿಗೆ ಏನು ಹೇಳಬೇಕೋ ಅದೇ ಈಗ ಇರಲಿಲ್ಲ.

ಶನಿವಾರ ಮತ್ತೆ ಅದೇ ಕೋಣೆ. ಹೂಂ ಅನ್ನಿರಿ ಎಂದು ಮಕ್ಕಳಿಗೆ ಹೇಳಲಿಲ್ಲ. ಹೇಳಿಸಿಕೊಂಡು ಅಂದರೆ ಅದು ಹಾಜರಿ ಕೂಗಿದಂತಾಗುತ್ತದೆ. ಮೊದಲ ಭಾಗ ಓದಿ, ‘ಕೂತವರು ಕೇಳಿರಿ’ ಎಂದು ನಿಂತೆ. ಯಾರೂ ಏನೂ ಅನ್ನಲಿಲ್ಲ. ಫ್ಯಾನು ತಿರುಗುವುದು ಕೇಳುತ್ತಿತ್ತು. ಮನಸ್ಸಿನಲ್ಲಿ ನಾಲ್ಕು ಎಣಿಸಿ ಮುಂದೆ ಹೋದೆ. ಎರಡನೆಯ ಸಲ ನಿಂತಾಗಲೂ ಇಲ್ಲ. ಮೂರನೆಯ ಸಲ ಸಿದ್ದಾಪುರದ ಹುಡುಗಿ, ಪಕ್ಕದವಳಿಗೆ ಕೇಳಲೆಂದು, ಮುದುಕಿಯ ದನಿ ಮಾಡಿ “ಹೂಂನವ್ವಾ” ಎಂದಳು.

ನಗು ಎದ್ದಿತು. ಅವಳು ತಲೆ ತಗ್ಗಿಸಿದಳು. ನಾನು ಬೈಯಲಿಲ್ಲ, ನಗಲೂ ಇಲ್ಲ. ನಗು ಇಳಿಯುವವರೆಗೆ ಕಾಯ್ದು ಮುಂದಿನ ಭಾಗ ಓದಿ, ಸಾಲು ಮುಗಿಸಿ, ಅವಳ ಕಡೆ ನೋಡಿದೆ.

“ಹೂಂ” ಎಂದಳು. ಈ ಸಲ ಅವಳದೇ ದನಿ.

ಅಂಬಿಗ ಬಂದ ಹೊತ್ತಿಗೆ ಐದಾರು ಮಂದಿ ಅನ್ನುತ್ತಿದ್ದರು. ಹರಗೋಲು ಹೊಳೆಯ ನಡುವೆ ಗರಗರ ತಿರುಗುವಾಗ ಕೋಣೆಯೆಲ್ಲ ಅನ್ನುತ್ತಿತ್ತು. ‘ನಾಯಿ ಬಂದರೆ ನಾಯಿ ನಿನ್ನದು’ ಎಂದು ದೊರೆ ಹೇಳಿದಾಗ ಯಾರೋ, “ಲೇ, ಮಾತು ಕೊಡಬ್ಯಾಡಲೇ” ಎಂದರು. ಬಾಗಿಲು ತೆರೆಯಿತು. ಮಗಳ ಕಾಲು ಹೊಸ್ತಿಲ ಮೇಲೆ ಬಂತು. ಅಲ್ಲಿ ನಿಂತೆ. ಈ ಸಲ ಬೇಕಾಗಿಯೇ ನಿಂತೆ.

ಒಬ್ಬರೂ ಅನ್ನಲಿಲ್ಲ.

ಓದು ಮುಗಿದ ಮೇಲೆ ಪ್ರಾಧ್ಯಾಪಕರು ಎದ್ದು ಬಂದು ಪ್ರತಿಯನ್ನು ತಿರುವಿ ನೋಡಿದರು. “ಹನ್ನೊಂದ ಪುಟ ಐತಲ್ರಿ. ಪೀಠಿಕಿ ಎಲ್ಲಿ?”

“ತಗದೀನ್ರಿ ಸರ್.”

“ಮತ್ತ ಯಾಕ ಬೇಕು ಇದು ಅಂತ ಸಮಿತಿಯೊಳಗ ಕೇಳಿದ್ರ?”

“ಇವತ್ತು ಇಲ್ಲಿ ಕೇಳಿದ್ದನ್ನ ಹೇಳ್ರಿ.”

ಅವರು ಪ್ರತಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. “ಒಂದು ವರ್ಷದ ಮಟ್ಟಿಗೆ ಇಡಸ್ತೀನಿ. ಮುಂದಿಂದು ಮುಂದ” ಎಂದರು. ಬಾಗಿಲವರೆಗೆ ಹೋಗಿ ತಿರುಗಿ, “ನಾನೂ ಎರಡು ಸಲ ಅಂದೆ. ನಿಮಗ ಕೇಳಿಸಿರಲಿಕ್ಕಿಲ್ಲ” ಎಂದರು.

ಸಂತೋಷವಾಗಬೇಕಿತ್ತು. ಬಸ್ ನಿಲ್ದಾಣಕ್ಕೆ ನಡೆಯುವಾಗ, ಆಗಿದೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಖಚಿತವಿರಲಿಲ್ಲ. ಕನಕಗಿರಿಯಲ್ಲಿ ಸೀಟು ಸಿಕ್ಕಿತು. ತಾವರಗೇರಾ ದಾಟಿದ ಮೇಲೆ ನೆನಪಾದದ್ದು ಆ ನೋಟ್‌ಬುಕ್. ಅದರಲ್ಲಿ ನಾನು ಬರೆದದ್ದೆಲ್ಲ ಪ್ರಶ್ನೆಗಳು. ಪ್ರಶ್ನೆಗೆ ಹೂಂ ಅನ್ನುವುದು ಅಪ್ಪನ ಕೆಲಸವೇ ಆಗಿರಲಿಲ್ಲ. ಎಂಟು ತಿಂಗಳಲ್ಲಿ ನಾನು ಅವನಿಗೆ ಏನನ್ನೂ ಹೇಳಿರಲಿಲ್ಲ.

ಮರುದಿನ ಭಾನುವಾರ. ಬೆಳಿಗ್ಗೆ ಅವ್ವ ನೀರು ತುಂಬಲು ಹೊರಗೆ ಹೋಗಿದ್ದಳು. ಚಹಾ ಮಾಡಿ, ಆರಿಸಿ, ಅಪ್ಪನಿಗೆ ಎಡಗಡೆಯಿಂದ ಕುಡಿಸಿದೆ. ಬಾಯಿ ಒರೆಸಿದೆ. ಸಾಮಾನ್ಯವಾಗಿ ಅಷ್ಟಾದ ಮೇಲೆ ಏಳುತ್ತಿದ್ದೆ. ಅಂದು ಕಾಕಾ ಕೂರುವ ಕುರ್ಚಿಯನ್ನು ಮಂಚಕ್ಕೆ ಹತ್ತಿರ ಎಳೆದು ಕೂತೆ. ಕೈಯಲ್ಲಿ ಕಾಗದವಿರಲಿಲ್ಲ.

“ನಿನ್ನಿ ನಾನು ಗಂಗಾವತಿಗೆ ಹೋಗಿದ್ನೆಪ್ಪಾ” ಎಂದೆ. ನಿಂತೆ.

“ಹೂಂ” ಎಂದ ಅಪ್ಪ.

“ನಮ್ಮ ಕ್ಲಾಸಿನಾಗ ಸಿದ್ದಾಪುರದಾಕಿ ಒಬ್ಬಾಕಿ ಅದಾಳ” ಎಂದೆ.